ಕಿವಿಗೆ ಕೇಳಿಸುವ ವ್ಯಾಕರಣ

ಬೀಜಿಂಗಿನ ಮಾತಿನಲ್ಲಿ ‘ಮಾಯ್’ ಎಂಬ ಅಕ್ಷರವನ್ನು ನಡುದನಿಯಿಂದ ಮೇಲಕ್ಕೆತ್ತಿ ಹೇಳಿದರೆ ‘ಹೂಳು’ ಎಂದರ್ಥ. ದನಿಯನ್ನು ತಳಕ್ಕಿಳಿಸಿ, ಅಲ್ಲಿ ತುಸು ತಡೆದು, ಮತ್ತೆ ಎತ್ತಿದರೆ ‘ಕೊಳ್ಳು’. ಮೇಲಿನಿಂದ ಸರ್ರನೆ ಕೆಳಕ್ಕೆ ಬಿಟ್ಟರೆ ‘ಮಾರು’. ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವೆ ಇರುವುದು ಗಂಟಲಿನ ಒಂದು ತಿರುವು ಮಾತ್ರ. ಚೀನೀ ನುಡಿಗಳ ಬಗ್ಗೆ ನಮ್ಮಲ್ಲಿ ಬಹಳ ಜನ ಕೇಳಿರುವುದು ಇಷ್ಟು: ಪ್ರತಿ ಅಕ್ಷರಕ್ಕೂ ಒಂದು ಟೋನ್, ಅಂದರೆ ಒಂದು ನಿಗದಿಯಾದ ಏರಿಳಿತ ಇರುತ್ತದೆ, ಅದು ತಪ್ಪಿದರೆ ಅರ್ಥವೂ ತಪ್ಪುತ್ತದೆ.

ಈ ಮಾತು ನಿಜ. ಆದರೆ ಇಲ್ಲಿಗೇ ನಿಂತರೆ ಚೀನೀ ನುಡಿಗಳ ಸೊಗಸಿನ ಹೊಸ್ತಿಲಲ್ಲೇ ನಿಂತಂತೆ. ಅಕ್ಷರ ಒಂಟಿಯಾಗಿರುವಾಗ ಮಾತ್ರ ಅದರ ಏರಿಳಿತ ಅದರ ಸ್ವಂತದ್ದು. ಪಕ್ಕದಲ್ಲಿ ಇನ್ನೊಂದು ಅಕ್ಷರ ಬಂದು ಕೂತೊಡನೆ ಅದು ಬದಲಾಗಬಹುದು, ಮಡಚಿಕೊಳ್ಳಬಹುದು, ಪೂರ್ತಿ ಅಳಿಸಿಹೋಗಬಹುದು. ಯಾವಾಗ ಬದಲಾಗಬೇಕು, ಯಾವಾಗ ಬದಲಾಗಬಾರದು ಎಂಬುದನ್ನು ತೀರ್ಮಾನಿಸುವವರು ಇಬ್ಬರು: ವಾಕ್ಯದ ವ್ಯಾಕರಣ, ಮತ್ತು ಮಾತಿನ ಲಯ. ಈ ಬದಲಾವಣೆಗೆ ಜಗತ್ತಿನ ಭಾಷಾವಿಜ್ಞಾನಿಗಳು ನಮ್ಮ ವ್ಯಾಕರಣದ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಟೋನ್ ಸಂಧಿ. ಮಳೆ ಮತ್ತು ಕಾಲ ಸಮಾಸವಾಗಿ ಕೂಡಿದಾಗ ‘ಮಳೆಗಾಲ’ ಆಗುತ್ತದೆ. ‘ಮಳೆ ಕಾಲಿಗೆ ತಾಗಿತು’ ಎಂಬಲ್ಲಿ ಅದೇ ಕಕಾರ ಅಲುಗುವುದಿಲ್ಲ. ಸಂಧಿಗೂ ಪದಗಳ ಒಳನಂಟಿಗೂ ಇರುವ ಈ ಸಂಬಂಧ ನಮಗೆ ಗೊತ್ತಿದೆ. ಚೀನಾದಲ್ಲಿ ಅದೇ ಸಂಬಂಧ ವ್ಯಂಜನಗಳನ್ನು ಬಿಟ್ಟು ರಾಗದಲ್ಲಿ ನೆಲೆಸಿದೆ.

ಆ ರಾಗವನ್ನು ಕಾಗದದ ಮೇಲೆ ಹಿಡಿದುಕೊಟ್ಟವರು ಚಾವ್ ಯುಆನ್‌ರೆನ್. 1892ರಲ್ಲಿ ಟಿಯಾನ್‌ಜಿನ್ ನಗರದಲ್ಲಿ ಹುಟ್ಟಿದ ಅವರು ಭಾಷಾವಿಜ್ಞಾನಿ, ಜೊತೆಗೆ ಸಂಗೀತ ಸಂಯೋಜಕ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕೃತಿಯನ್ನು 1922ರಲ್ಲಿ ಚೀನೀ ಭಾಷೆಗೆ ತಂದವರೂ ಅವರೇ. 1920ರಲ್ಲಿ ಬರ್ಟ್ರಂಡ್ ರಸೆಲ್ ಚೀನಾಕ್ಕೆ ಬಂದಾಗ ಚಾವ್ ದುಭಾಷಿಯಾಗಿ ಜೊತೆಗಿದ್ದರು. ಚಾಂಗ್‌ಶಾ ನಗರದ ಭಾಷಣವನ್ನು ಅವರು ಹುನಾನ್ ಸೀಮೆಯ ನುಡಿಯಲ್ಲೇ ಅನುವಾದಿಸಿದರು. ಭಾಷಣ ಮುಗಿದ ಮೇಲೆ ಕೇಳುಗರೊಬ್ಬರು ಬಂದು ನೀವು ನಮ್ಮ ಕಡೆಯ ಯಾವ ತಾಲ್ಲೂಕಿನವರು ಎಂದು ವಿಚಾರಿಸಿದರಂತೆ. ಅಂಥ ಕಿವಿ ಅವರದು. 1930ರಲ್ಲಿ ಅವರು ಒಂದು ಸರಳ ಅಳತೆಯನ್ನು ಮುಂದಿಟ್ಟರು. ಮನುಷ್ಯನ ಮಾತಿನ ದನಿಯನ್ನು ಐದು ಮೆಟ್ಟಿಲುಗಳಾಗಿ ಎಣಿಸಿ. 1 ತಳ, 5 ತುದಿ. ದನಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ಅಂಕಿಗಳಲ್ಲಿ ಬರೆಯಿರಿ. ಬೀಜಿಂಗಿನ ಮಾತನ್ನು ಆಧರಿಸಿದ ಮ್ಯಾಂಡರಿನ್ನಿನ ಮೊದಲ ಟೋನ್ 55, ಎತ್ತರದಲ್ಲಿ ಸಮನಾಗಿ ನಿಲ್ಲುತ್ತದೆ. ಎರಡನೆಯದು 35, ಏರುತ್ತದೆ. ಮೂರನೆಯದು 214, ಇಳಿದು ಏಳುತ್ತದೆ. ನಾಲ್ಕನೆಯದು 51, ಬೀಳುತ್ತದೆ. ತೊಂಬತ್ತು ವರ್ಷ ಕಳೆದರೂ ಚೀನೀ ನುಡಿಗಳನ್ನು ಅಧ್ಯಯನ ಮಾಡುವವರೆಲ್ಲ ಬಳಸುತ್ತಿರುವುದು ಇದೇ ಐದು ಮೆಟ್ಟಿಲುಗಳನ್ನು.

ಮೂರನೇ ಟೋನಿಗೆ ಮ್ಯಾಂಡರಿನ್ನಿನಲ್ಲಿ ಒಂದು ವಿಶೇಷ ಸ್ವಭಾವವಿದೆ. ಅದು ತನ್ನಂಥದೇ ಇನ್ನೊಂದರ ಮುಂದೆ ನಿಲ್ಲಲಾರದು. ಎರಡು ಮೂರನೇ ಟೋನುಗಳು ಒತ್ತಾಗಿ ಬಂದರೆ ಮೊದಲನೆಯದು ಎರಡನೇ ಟೋನಾಗಿ ಬದಲಾಗುತ್ತದೆ. ‘ಮಾಯ್ ಮಾ’, ಅಂದರೆ ‘ಕುದುರೆ ಕೊಳ್ಳು’ ಎಂಬಲ್ಲಿ ಎರಡೂ ಅಕ್ಷರಗಳು ಮೂರನೇ ಟೋನಿನವು. ಆದ್ದರಿಂದ ‘ಮಾಯ್’ ಏರುದನಿಗೆ ತಿರುಗುತ್ತದೆ. ಆದರೆ ಏರುದನಿಯ ‘ಮಾಯ್’ ಎಂದರೆ ‘ಹೂಳು’ ಎಂದು ಆಗಲೇ ನೋಡಿದೆವು. ಹಾಗಾದರೆ ಕುದುರೆ ಕೊಳ್ಳುವುದೂ ಕುದುರೆ ಹೂಳುವುದೂ ಒಂದೇ ಥರ ಕೇಳಿಸುತ್ತವೆಯೇ? ಭಾಷಾವಿಜ್ಞಾನಿ ವಿಲಿಯಂ ವಾಂಗ್ ಮತ್ತು ಅವರ ಸಹೋದ್ಯೋಗಿ ಇಂಥ ಜೋಡಿಗಳನ್ನು ಬೀಜಿಂಗ್ ನುಡಿಯವರಿಗೆ ಕೇಳಿಸಿ ಪರೀಕ್ಷಿಸಿ, 1967ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳುಗರಿಗೆ ವ್ಯತ್ಯಾಸ ಗುರುತಿಸಲು ಆಗಲಿಲ್ಲ. ಭಾಷೆ ಇಲ್ಲಿ ಪದದ ಸ್ಪಷ್ಟತೆಯನ್ನೇ ಸ್ವಲ್ಪ ಬಿಟ್ಟುಕೊಟ್ಟು ಮಾತಿನ ಓಟವನ್ನು ಕಾಪಾಡಿಕೊಂಡಿದೆ. ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಅದಕ್ಕೆ ಸಿಕ್ಕಿರುವುದು ಇನ್ನೂ ದೊಡ್ಡದು.

ಎರಡರ ಜಾಗದಲ್ಲಿ ಮೂರು ಅಕ್ಷರಗಳು ಬಂದಾಗ ಅದು ಕಾಣತೊಡಗುತ್ತದೆ. ‘ಝಾನ್‌ಲಾನ್‌ಗ್ವಾನ್’ ಎಂದರೆ ವಸ್ತುಪ್ರದರ್ಶನ ಭವನ. ‘ಝಿ ಲಾವ್‌ಹು’ ಎಂದರೆ ಕಾಗದದ ಹುಲಿ. ಎರಡರಲ್ಲೂ ಮೂರು ಅಕ್ಷರ, ಮೂರೂ ಮೂರನೇ ಟೋನ್. ಆದರೆ ಇವುಗಳ ರಾಗ ಬೇರೆ. ಪ್ರದರ್ಶನ ಭವನದಲ್ಲಿ ‘ಝಾನ್‌ಲಾನ್’ ಮೊದಲು ಕೂಡಿ ‘ಪ್ರದರ್ಶನ’ವಾಗುತ್ತದೆ, ಆಮೇಲೆ ‘ಗ್ವಾನ್’ ಸೇರಿ ಭವನವಾಗುತ್ತದೆ. ಹೀಗಾಗಿ ಮೊದಲ ಅಕ್ಷರ ಏರುತ್ತದೆ, ಎರಡನೆಯದೂ ಏರುತ್ತದೆ, ಕೊನೆಯದು ತಗ್ಗಿನಲ್ಲಿ ಉಳಿಯುತ್ತದೆ. ಕಾಗದದ ಹುಲಿಯಲ್ಲಿ ಮೊದಲು ಕೂಡುವುದು ‘ಲಾವ್‌ಹು’, ಅಂದರೆ ಹುಲಿ. ಅಲ್ಲಿ ‘ಲಾವ್’ ಏರಿದ್ದಾಯಿತು. ಈಗ ‘ಝಿ’ ಅಕ್ಷರದ ಎದುರಿಗೆ ಇರುವುದು ಮೂರನೇ ಟೋನಲ್ಲ, ಆಗಲೇ ಬದಲಾದ ಎರಡನೇ ಟೋನ್. ಹಾಗಾಗಿ ‘ಝಿ’ ಏರಬೇಕಾದ ಕಾರಣವೇ ಇಲ್ಲ, ಅದು ತಗ್ಗಿನಲ್ಲೇ ನಿಲ್ಲುತ್ತದೆ. ಒಂದರ ರಾಗ ಏರು-ಏರು-ತಗ್ಗು, ಇನ್ನೊಂದರದು ತಗ್ಗು-ಏರು-ತಗ್ಗು. ಯಾವ ಪದ ಯಾವುದರ ಜೊತೆ ಮೊದಲು ಕೂಡಿತು ಎಂಬ ಸಮಾಸದ ವಿಗ್ರಹವಾಕ್ಯವನ್ನು ಇಲ್ಲಿ ದನಿಯೇ ಬಿಡಿಸಿ ಹೇಳುತ್ತಿದೆ.

ಈ ವಿಷಯ ಓದಿದ ಪ್ರತಿಯೊಬ್ಬರಿಗೂ ಪರಿಚಿತವಾದ ಒಂದು ವಾಕ್ಯವಿದೆ: ‘ಲಾವ್ ಲಿ ಮಾಯ್ ಹಾವ್ ಜ್ಯೋ’. ಲಿ ಎಂಬ ಹಿರಿಯ ಒಳ್ಳೆಯ ಮದ್ಯ ಕೊಳ್ಳುತ್ತಾನೆ ಎಂದು ಅರ್ಥ. ಐದು ಅಕ್ಷರ, ಐದೂ ಮೂರನೇ ಟೋನ್. ನಿಧಾನವಾಗಿ, ಪದ ಬಿಡಿಸಿ ಹೇಳುವವರು ‘ಲಾವ್ ಲಿ’ ಒಂದು ಜೋಡಿ, ‘ಹಾವ್ ಜ್ಯೋ’ ಒಂದು ಜೋಡಿ ಎಂದು ಹಿಡಿದು ಆ ಜೋಡಿಗಳ ಮೊದಲ ಅಕ್ಷರಗಳನ್ನು ಮಾತ್ರ ಏರಿಸುತ್ತಾರೆ. ನಡುವಿನ ‘ಮಾಯ್’ ಒಂಟಿಯಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಸಾಧಾರಣ ವೇಗಕ್ಕೆ ಬಂದಾಗ ಆ ‘ಮಾಯ್’ ಹಿಂದಿನ ಜೋಡಿಗೆ ಒರಗಿಕೊಳ್ಳುತ್ತದೆ, ಅದರ ಒತ್ತಿಗೆ ‘ಲಿ’ ಕೂಡ ಏರುತ್ತದೆ. ಇನ್ನೂ ಬೇಗ, ಒಂದೇ ಉಸಿರಿಗೆ ಹೇಳಿದರೆ ಮೊದಲ ನಾಲ್ಕೂ ಏರಿ ಕೊನೆಯದೊಂದೇ ತಗ್ಗುತ್ತದೆ. ವಾಕ್ಯ ಒಂದೇ, ವ್ಯಾಕರಣ ಒಂದೇ, ರಾಗ ಮೂರು. ಮೂರೂ ಸರಿ. ವ್ಯಾಕರಣ ತನ್ನ ಗೆರೆಗಳನ್ನು ಹಾಕಿಕೊಟ್ಟಿದೆ. ಅವುಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ದಾಟಿ ಹೋಗಬೇಕು ಎಂಬುದು ಮಾತಾಡುವವನ ಲಯಕ್ಕೆ ಬಿಟ್ಟದ್ದು. ಇದೇ ವಾಕ್ಯದ ಕೊನೆಯ ಮೂರು ಅಕ್ಷರಗಳಿಗೆ ಇನ್ನೊಂದು ಅರ್ಥವೂ ಉಂಟು. ‘ಮಾಯ್ ಹಾವ್’ ಕೂಡಿದರೆ ‘ಕೊಂಡು ಮುಗಿಸು’ ಎಂದಾಗುತ್ತದೆ. ಆದರೆ ‘ಮಾಯ್’ ತಗ್ಗಿನಲ್ಲಿ ನಿಂತು ‘ಹಾವ್’ ಏರಿತೋ, ಅಲ್ಲಿಗೆ ಅನುಮಾನ ತೀರಿತು. ಅದು ಒಳ್ಳೆಯ ಮದ್ಯವೇ. ಪುಟದ ಮೇಲೆ ಎರಡರ್ಥವಾಗುವ ಮಾತು ಹೀಗೆ ಬಾಯಿಗೆ ಬಂದಾಗ ಒಂದೇ ಅರ್ಥವಾಗುತ್ತದೆ.

ಮೂರನೇ ಟೋನ್ ವ್ಯಾಕರಣವನ್ನು ಇನ್ನೂ ಸೂಕ್ಷ್ಮವಾಗಿ ಬಲ್ಲದು. ‘ಜ್ಯೆಜ್ಯೆ’ ಎಂದರೆ ಅಕ್ಕ. ‘ಶ್ಯಾಂಗ್‌ಶ್ಯಾಂಗ್’ ಎಂದರೆ ತುಸು ಯೋಚಿಸಿ ನೋಡು. ಎರಡೂ ದ್ವಿರುಕ್ತಿಗಳು, ಎರಡೂ ಮೂಲದಲ್ಲಿ ಮೂರನೇ ಟೋನಿನ ಅಕ್ಷರಗಳು, ಎರಡರಲ್ಲೂ ಎರಡನೇ ಅಕ್ಷರ ಹಗುರಾಗಿ ತನ್ನ ಟೋನನ್ನು ಕಳೆದುಕೊಂಡಿದೆ. ಆದರೂ ಕ್ರಿಯಾಪದದ ದ್ವಿರುಕ್ತಿಯಲ್ಲಿ ಮೊದಲ ‘ಶ್ಯಾಂಗ್’ ಏರುತ್ತದೆ. ಎರಡನೆಯದು ತನ್ನ ಟೋನನ್ನು ಕಳೆದುಕೊಳ್ಳುವ ಮುನ್ನ ಮೊದಲಿನದನ್ನು ಬದಲಿಸಿಯೇ ಹೋಗಿದೆ. ಅಕ್ಕನನ್ನು ಕರೆಯುವ ನಾಮಪದದಲ್ಲಿ ಮೊದಲ ‘ಜ್ಯೆ’ ಏರುವುದಿಲ್ಲ. ಎದುರಿಗಿರುವುದು ಕ್ರಿಯೆಯೋ ನಾಮವೋ ಎಂದು ನೋಡಿಕೊಂಡು ದನಿ ತಿರುಗುತ್ತದೆ. ‘ಒಂದು’ ಎಂಬ ಅರ್ಥದ ‘ಯಿ’ ಕೂಡ ಹೀಗೆಯೇ. ‘ಯಿ ನ್ಯಾನ್’, ಅಂದರೆ ‘ಒಂದು ವರ್ಷ’ ಎಂಬಲ್ಲಿ ಅದು ತನ್ನ 55ರ ಎತ್ತರವನ್ನು ಬಿಟ್ಟು 51ಕ್ಕೆ ಬೀಳುತ್ತದೆ. ‘ಯಿ ನ್ಯಾನ್‌ಜಿ’, ಅಂದರೆ ‘ಒಂದನೇ ತರಗತಿ’ ಎಂಬಲ್ಲಿ ಅದು ಕದಲುವುದಿಲ್ಲ, ಎತ್ತರದಲ್ಲೇ ನಿಲ್ಲುತ್ತದೆ. ಎಣಿಕೆಯ ಒಂದು ಬಾಗುತ್ತದೆ, ಕ್ರಮದ ಒಂದನೆಯದು ಬಾಗುವುದಿಲ್ಲ. ಸಂಖ್ಯಾವಾಚಕಕ್ಕೂ ಪೂರಣವಾಚಕಕ್ಕೂ ನಾವು ಪ್ರತ್ಯಯದಿಂದ ಮಾಡುವ ಭೇದವನ್ನು ಇಲ್ಲಿ ದನಿಯ ಮಟ್ಟವೇ ಮಾಡಿಬಿಡುತ್ತದೆ.

ಬೀಜಿಂಗನ್ನು ಬಿಟ್ಟು ಯಾಂಗ್‌ತ್ಸೆ ನದಿಯ ಮುಖಜ ಭೂಮಿಗೆ ಬಂದರೆ ರಾಗದ ಕಟ್ಟೇ ಬದಲಾಗುತ್ತದೆ. ಶಾಂಘೈ ನುಡಿಯಲ್ಲಿ ಪದದ ಮೊದಲ ಅಕ್ಷರವೇ ಯಜಮಾನ. ಅದರ ನಂತರ ಬರುವ ಅಕ್ಷರಗಳು ತಮ್ಮ ಟೋನುಗಳನ್ನು ಪೂರ್ತಿ ಬಿಟ್ಟುಕೊಡುತ್ತವೆ. ಮೊದಲ ಅಕ್ಷರದ ಏರಿಳಿತವೇ ಇಡೀ ಪದದ ಮೇಲೆ ಹಾಸಿಕೊಳ್ಳುತ್ತದೆ. ಮೊದಲ ಅಕ್ಷರದ್ದು 53ರ ಇಳಿತವಾದರೆ ಎರಡಕ್ಷರದ ಪದ 55–21 ಆಗುತ್ತದೆ. ಒಂದೇ ಅಕ್ಷರದಲ್ಲಿ ಆಗಬೇಕಿದ್ದ ಇಳಿತವನ್ನು ಎರಡು ಅಕ್ಷರಗಳು ಹಂಚಿಕೊಂಡಿವೆ. ಮೂರಕ್ಷರವಾದರೆ ಅದೇ ಇಳಿತ 55–33–21 ಎಂದು ಹಂತಹಂತವಾಗಿ ಇಳಿಯುತ್ತದೆ. ಎರಡನೇ ಅಕ್ಷರ ಮೂಲದಲ್ಲಿ ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಯಾರೂ ಕೇಳುವುದಿಲ್ಲ. ಊರಿನವರು ತಮ್ಮ ಊರನ್ನು ‘ಜಾಂಗ್‌ಹೇ’ ಎಂದು 22–44ರ ಸಣ್ಣ ಏರಿನಲ್ಲಿ ಕರೆಯುವಾಗ ‘ಸಮುದ್ರ’ ಎಂಬ ಅರ್ಥದ ಎರಡನೇ ಅಕ್ಷರ ತನ್ನ ರಾಗವನ್ನು ಮರೆತು ಮೊದಲನೆಯದರ ಏರಿಗೆ ಸೇರಿಕೊಂಡಿರುತ್ತದೆ.

ಇಲ್ಲಿ ವ್ಯಾಕರಣ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಒಂದು ತಟ್ಟೆ ನೂಡಲ್ಸ್ ಸಾಕು. ಹುರಿಯುವುದಕ್ಕೆ ಶಾಂಘೈಯವರು ‘ಛೋ’ ಎನ್ನುತ್ತಾರೆ, ನೂಡಲ್ಸಿಗೆ ‘ಮಿ’. ‘ಛೋಮಿ’ ಎಂಬುದನ್ನು 33–44 ಎಂದು ಒಂದೇ ಅಲೆಯಲ್ಲಿ ಹೇಳಿದರೆ ಅದು ಹುರಿದ ನೂಡಲ್ಸ್, ತಿನಿಸಿನ ಹೆಸರು, ಒಂದು ಸಮಾಸಪದ. ‘ಛೋ’ ಎಂಬುದನ್ನು 44ರಲ್ಲಿ ಸಮನಾಗಿ ಎತ್ತಿಹಿಡಿದು ‘ಮಿ’ ತನ್ನ ಸ್ವಂತದ 23ರಲ್ಲೇ ಏರಲು ಬಿಟ್ಟರೆ ಅದು ‘ನೂಡಲ್ಸ್ ಹುರಿ’, ಕ್ರಿಯಾಪದ ಮತ್ತು ಕರ್ಮ. ಕರ್ಮಪದ ಕ್ರಿಯೆಯೊಳಗೆ ಕರಗದೆ ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಂಡಿದೆ. ಚೀನೀ ನುಡಿಗಳಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ, ಕೃದಂತಕ್ಕೂ ಕ್ರಿಯೆಗೂ ಬೇರೆ ಬೇರೆ ರೂಪಗಳಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಬರಹದಲ್ಲಿ ಅದು ನಿಜ. ಶಾಂಘೈಯ ಅಡುಗೆಮನೆಯಲ್ಲಿ ನಿಂತು ಕೇಳುವವರಿಗೆ ತಟ್ಟೆಯಲ್ಲಿರುವ ವಸ್ತುವೂ ಬಾಣಲೆಯಲ್ಲಿ ನಡೆಯುತ್ತಿರುವ ಕೆಲಸವೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ.

ಒಳಗೆ ವ್ಯಾಕರಣವೇ ಇಲ್ಲದ ಪದ ಬಂದರೆ? ಪರದೇಶದ ಊರುಗಳ ಹೆಸರುಗಳು ಹಾಗೆ. ಉಚ್ಚಾರವನ್ನಷ್ಟೇ ಅನುಸರಿಸಿ ಐದಾರು ಅಕ್ಷರಗಳಲ್ಲಿ ಬರೆದುಕೊಂಡ ಆ ಹೆಸರುಗಳಲ್ಲಿ ವಿಶೇಷಣವಿಲ್ಲ, ವಿಶೇಷ್ಯವಿಲ್ಲ, ಬಿಡಿಸಿ ನೋಡಲು ಸಮಾಸವಿಲ್ಲ. ಅಲ್ಲಿ ಲಯ ಮುಂದೆ ಬರುತ್ತದೆ. ಎಡದಿಂದ ಎರಡೆರಡು ಅಕ್ಷರಗಳ ಗಣಗಳು ಬೀಳುತ್ತವೆ, ಒಂಟಿ ಅಕ್ಷರ ಉಳಿದರೆ ಕೊನೆಯ ಗಣಕ್ಕೆ ಸೇರಿಕೊಳ್ಳುತ್ತದೆ, ಪ್ರತಿ ಗಣದ ಮೊದಲ ಅಕ್ಷರ ತನ್ನ ಗಣಕ್ಕೆ ರಾಗ ಕೊಡುತ್ತದೆ. ಭಾಷಾವಿಜ್ಞಾನಿ ದುವಾನ್‌ಮು ಸಾನ್ ಇಂಥ ಹೆಸರುಗಳನ್ನು ಹಿಡಿದು ಶಾಂಘೈ ನುಡಿಯ ಅಡಿಯಲ್ಲಿ ಹರಿಯುವ ಲಯವನ್ನು ತೋರಿಸಿಕೊಟ್ಟರು. ಛಂದಸ್ಸು ಕಲಿತ ಕನ್ನಡಿಗರಿಗೆ ಈ ಗಣವಿಭಾಗ ಬೇಗ ಹತ್ತಿರವಾಗುತ್ತದೆ. ಪದ ಎಲ್ಲಿ ಒಡೆದರೂ ಸರಿ, ಗಣ ತನ್ನ ಮಾತ್ರೆಗೆ ಮುಗಿಯುತ್ತದೆ.

ದಕ್ಷಿಣದ ಫುಜಿಯಾನ್ ಕರಾವಳಿಯ ಶಿಯಾಮೆನ್ ನಗರದಲ್ಲಿ, ಅದರೆದುರಿನ ತೈವಾನಿನಲ್ಲಿ, ಆಗ್ನೇಯ ಏಷ್ಯಾದ ಬಂದರುಗಳಲ್ಲಿ ನೆಲೆಸಿದ ಲಕ್ಷಾಂತರ ಕುಟುಂಬಗಳಲ್ಲಿ ಆಡುವ ಹೊಕ್ಕಿಯನ್ ನುಡಿಯಲ್ಲಿ ಕ್ರಮ ತಿರುವುಮುರುವು. ಅಲ್ಲಿ ಕೊನೆಯ ಅಕ್ಷರವೇ ಯಜಮಾನ. ಪದಗುಚ್ಛದ ಕೊನೆಯ ಅಕ್ಷರ ಮಾತ್ರ ತನ್ನ ಮೂಲದ ಟೋನನ್ನು ಉಳಿಸಿಕೊಳ್ಳುತ್ತದೆ; ಅದಕ್ಕೂ ಹಿಂದಿನ ಪ್ರತಿಯೊಂದು ಅಕ್ಷರವೂ ಬದಲಾಗುತ್ತದೆ. ಬದಲಾಗುವ ಬಗೆಯೇ ಒಂದು ಸೋಜಿಗ. ಶಿಯಾಮೆನ್‌ನಲ್ಲಿ 44 ಇದ್ದದ್ದು 22 ಆಗುತ್ತದೆ, 22 ಇದ್ದದ್ದು 21 ಆಗುತ್ತದೆ, 21 ಇದ್ದದ್ದು 53, 53 ಇದ್ದದ್ದು ಮತ್ತೆ 44. ನಾಲ್ಕು ಟೋನುಗಳು ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತ ವೃತ್ತ ಸುತ್ತುತ್ತವೆ. ಐದನೆಯದಾದ 24ರ ಏರು ಹೊರಗಿನಿಂದ ಬಂದು 22ರ ಜಾಗದಲ್ಲಿ ವೃತ್ತಕ್ಕೆ ಸೇರುತ್ತದೆ. ‘ಹಾಯ್’ ಎಂದರೆ ಸಮುದ್ರ, ಒಂಟಿಯಾಗಿದ್ದಾಗ 53ರ ಇಳಿತ. ಕಡಲತೀರ ಎಂಬ ಪದದ ಮೊದಲಿಗೆ ಬಂದಾಗ 44ರಲ್ಲಿ ಸಮನಾಗಿ ನಿಲ್ಲುತ್ತದೆ. ಮನೆ ಎಂಬ ಪದ ಒಂಟಿಯಾಗಿ 21ರ ತಳದಲ್ಲಿದೆ. ‘ಮನೆಯ ಮಾಡು’ ಎಂಬಲ್ಲಿ ಅದೇ ಪದ 53ಕ್ಕೆ ಜಿಗಿಯುತ್ತದೆ. ಹೀಗೆ ಪ್ರತಿ ಅಕ್ಷರಕ್ಕೂ ಎರಡು ದನಿಗಳು, ಕೊನೆಯಲ್ಲಿ ನಿಂತಾಗ ಒಂದು, ನಡುವೆ ಇದ್ದಾಗ ಇನ್ನೊಂದು. ಮಾತು ಕಲಿಯುವ ಮಗು ಎರಡನ್ನೂ ಒಟ್ಟಿಗೆ ಕಲಿಯುತ್ತದೆ.

ಈ ಏರ್ಪಾಡಿನಿಂದ ಕೇಳುಗನಿಗೆ ಸಿಗುವುದು ವಾಕ್ಯದ ಅಂಗರಚನೆಯೇ. ಮೂಲದ ಟೋನ್ ಕಿವಿಗೆ ಬಿದ್ದಿತೆಂದರೆ ಒಂದು ಪದಗುಚ್ಛ ಮುಗಿಯಿತೆಂದು ತಿಳಿಯಬೇಕು. ನಾಮಪದವಾಗಿ ಬಂದ ಕರ್ತೃ ತನ್ನ ಮೂಲ ಟೋನಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಕರ್ತೃಭಾಗ ಮುಗಿದು ಕ್ರಿಯಾಭಾಗ ಶುರು. ಕರ್ತೃ ಸರ್ವನಾಮವಾಗಿದ್ದರೆ ಅದಕ್ಕೆ ತಾನಾಗಿ ನಿಲ್ಲುವಷ್ಟು ತೂಕವಿಲ್ಲ, ಅದು ಮುಂದಿನ ಕ್ರಿಯಾಪದಕ್ಕೆ ಅಂಟಿಕೊಂಡು ಬದಲಾದ ಟೋನಿನಲ್ಲೇ ಹೋಗುತ್ತದೆ. ವಿಶೇಷಣ ವಿಶೇಷ್ಯದೊಡನೆ, ಕ್ರಿಯೆ ಕರ್ಮದೊಡನೆ ಒಂದೇ ಗುಚ್ಛದಲ್ಲಿ ಹರಿಯುತ್ತವೆ. ಭಾಷಾವಿಜ್ಞಾನಿ ಮ್ಯಾಥ್ಯೂ ಚೆನ್ 1987ರಲ್ಲಿ ಶಿಯಾಮೆನ್ ನುಡಿಯ ಈ ಗುಚ್ಛಗಳ ಗಡಿಗಳನ್ನು ಕರಾರುವಾಕ್ಕಾಗಿ ವಿವರಿಸಿದರು. ನಾವು ಬರಹದಲ್ಲಿ ಅಲ್ಪವಿರಾಮ ಹಾಕುವ ಕೆಲಸವನ್ನು, ಅದಕ್ಕಿಂತ ಸೂಕ್ಷ್ಮವಾಗಿ, ಹೊಕ್ಕಿಯನ್ ಮಾತುಗಾರ ಗಂಟಲಿನಲ್ಲೇ ಮಾಡುತ್ತಾನೆ.

ಈ ನುಡಿಯ ಎರಡು ಜೋಡಿಗಳು ಎಷ್ಟು ಸಲ ಕೇಳಿದರೂ ಹಳತಾಗುವುದಿಲ್ಲ. ‘ಬೋ’ ಎಂದರೆ ಇಲ್ಲ, ‘ಖಿ’ ಎಂದರೆ ಹೋಗು. ‘ಬೋ’ ಬದಲಾದ ಟೋನಿನಲ್ಲಿ ಹಗುರಾಗಿ ಬಂದು ‘ಖಿ’ ಮೂಲ ಟೋನಿನಲ್ಲಿ ನಿಂತರೆ ‘ಹೋಗಲಿಲ್ಲ’ ಎಂದರ್ಥ. ‘ಬೋ’ ತನ್ನ ಪೂರ್ಣ ಟೋನಿನಲ್ಲಿ ನಿಂತು ‘ಖಿ’ ತೇಲಿದಂತೆ ಹಗುರಾದರೆ ‘ಇಲ್ಲವಾಯಿತು, ಕಳೆದುಹೋಯಿತು’. ಹಾಗೆಯೇ ‘ಹೆದರು’ ಎಂಬರ್ಥದ ‘ಕ್ಯಾ’, ‘ಸಾಯು’ ಎಂಬರ್ಥದ ‘ಸಿ’. ತೂಕ ಎರಡನೆಯದರ ಮೇಲೆ ಬಿದ್ದರೆ ‘ಸಾವಿಗೆ ಹೆದರು’, ಮೊದಲನೆಯದರ ಮೇಲೆ ಬಿದ್ದರೆ ‘ಹೆದರಿ ಸತ್ತಂತಾಗು’. ಒಂದರಲ್ಲಿ ಸಾವು ಹೆದರಿಕೆಯ ವಿಷಯ, ಇನ್ನೊಂದರಲ್ಲಿ ಹೆದರಿಕೆಯ ಅಳತೆ. ಕರ್ಮವೋ ಫಲವೋ ಎಂಬ ಈ ವ್ಯಾಕರಣಭೇದವನ್ನು ಯಾವ ಪ್ರತ್ಯಯವೂ ಹೇಳುತ್ತಿಲ್ಲ. ಭಾರ ಎಲ್ಲಿ ಕೂತಿತು, ಎಲ್ಲಿ ಸಡಿಲವಾಯಿತು ಎಂಬುದೇ ಹೇಳುತ್ತಿದೆ.

ವ್ಯಾಕರಣದ ಕೈ ಅತ್ಯಂತ ನಿಚ್ಚಳವಾಗಿ ಕಾಣುವ ಊರು ಶಾನ್‌ಶಿ ಪ್ರಾಂತದ ಪಿಂಗ್‌ಯಾವ್. ಮಿಂಗ್ ಕಾಲದ ಕೋಟೆಗೋಡೆಗಳ ಆ ಪಟ್ಟಣವನ್ನು 1997ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೋಡೆಗಳಷ್ಟೇ ಬೆಲೆಬಾಳುವ ಇನ್ನೊಂದು ಸಂಪತ್ತು ಅಲ್ಲಿಯ ಮಾತಿನಲ್ಲಿದೆ ಎಂದು ವಿದ್ವಾಂಸ ಹೋ ಜಿಂಗ್‌ಯಿ 1980ರ ಲೇಖನದಲ್ಲಿ ತೋರಿಸಿದರು. ಪಿಂಗ್‌ಯಾವ್‌ನಲ್ಲಿ 13ರ ಎರಡು ಅಕ್ಷರಗಳು ಒಟ್ಟಿಗೆ ಬಂದಾಗ, ಅವು ಕ್ರಿಯಾಪದ ಮತ್ತು ಕರ್ಮವಾಗಿದ್ದರೆ ಅಥವಾ ಕರ್ತೃ ಮತ್ತು ಕ್ರಿಯೆಯಾಗಿದ್ದರೆ ಎರಡೂ ಹಾಗೆಯೇ ಉಳಿಯುತ್ತವೆ. ಅವೇ ವಿಶೇಷಣ ಮತ್ತು ವಿಶೇಷ್ಯವಾಗಿದ್ದರೆ 31–35 ಎಂದು ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಪದಗಳ ನಡುವಣ ಸಂಬಂಧ ಯಾವ ಜಾತಿಯದು ಎಂದು ನೋಡಿಯೇ ಸಂಧಿ ನಡೆಯುತ್ತದೆ. ಕಾರಕ ಸಂಬಂಧಕ್ಕೆ ಒಂದು ರಾಗ, ವಿಶೇಷಣ ಸಂಬಂಧಕ್ಕೆ ಇನ್ನೊಂದು. ಇಡೀ ಚೀನಾದಲ್ಲಿ ಇದಕ್ಕಿಂತ ನೇರವಾಗಿ ವ್ಯಾಕರಣವನ್ನು ಹಾಡುವ ನುಡಿಯನ್ನು ನಾನು ಕಾಣೆ.

ಇದಕ್ಕೆ ಎದುರುದಿಕ್ಕಿನಲ್ಲಿ ಚಾವ್ ಹುಟ್ಟಿದ ಟಿಯಾನ್‌ಜಿನ್ ಇದೆ. ಅಲ್ಲಿ ಎರಡು ತಗ್ಗುಗಳು ಒತ್ತಾಗಿ ಬರಲಾರವು, ಎರಡು ಇಳಿತಗಳು ಒತ್ತಾಗಿ ಬರಲಾರವು. ಒಂದಕ್ಕಿಂತ ಹೆಚ್ಚು ಸಂಧಿನಿಯಮಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮೂರಕ್ಷರದ ಪದ ಬಂದಾಗ ನಿಯಮಗಳು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಸಾಗುತ್ತವೆ. ಆದರೆ ಮೊದಲೆರಡು ಕೂಡಿ ಪದವಾಗಿದೆಯೋ ಕೊನೆಯೆರಡು ಕೂಡಿ ಪದವಾಗಿದೆಯೋ ಎಂಬುದನ್ನು ಅವು ನೋಡುವುದೇ ಇಲ್ಲ. ಬೀಜಿಂಗಿನಿಂದ ಸುಮಾರು 120 ಕಿಲೋಮೀಟರ್ ದೂರದ ಊರಿನಲ್ಲಿ ಸಮಾಸದ ಒಳಕಟ್ಟಿಗೆ ಕಿವುಡಾಗಿ, ದನಿಗಳ ನೆರೆಹೊರೆಯನ್ನಷ್ಟೇ ಗಮನಿಸುವ ಸಂಧಿ ಇದೆ. ಟಿಯಾನ್‌ಜಿನ್ ಸಂಧಿಯ ಈ ಒಗಟನ್ನು ಬಿಡಿಸಲು 1980ರ ದಶಕದಿಂದ ವಿದ್ವಾಂಸರು ಬರೆಯುತ್ತಲೇ ಇದ್ದಾರೆ. ಪಿಂಗ್‌ಯಾವ್ ಮತ್ತು ಟಿಯಾನ್‌ಜಿನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ವ್ಯಾಕರಣಕ್ಕೂ ದನಿಗೂ ನಡುವೆ ಎಷ್ಟು ಬಗೆಯ ಒಪ್ಪಂದಗಳು ಸಾಧ್ಯ ಎಂಬುದು ತಿಳಿಯುತ್ತದೆ.

ಲಯ ರಾಗವನ್ನು ಆಳುವಷ್ಟಕ್ಕೇ ನಿಲ್ಲುವುದಿಲ್ಲ, ವ್ಯಾಕರಣವನ್ನೂ ತಿದ್ದುತ್ತದೆ. ವ್ಯಾಕರಣಜ್ಞ ಲ್ಯೂ ಶುಶ್ಯಾಂಗ್ 1963ರ ಪ್ರಬಂಧವೊಂದರಲ್ಲಿ ಇದನ್ನು ಗುರುತಿಸಿದರು. ಮ್ಯಾಂಡರಿನ್ನಿನಲ್ಲಿ ಬಹಳಷ್ಟು ವಸ್ತುಗಳಿಗೆ ಒಂದಕ್ಷರದ ಹೆಸರೂ ಇದೆ, ಎರಡಕ್ಷರದ ಹೆಸರೂ ಇದೆ. ಕಲ್ಲಿದ್ದಲು ‘ಮೇ’ ಹೌದು, ‘ಮೇತಾನ್’ ಕೂಡ ಹೌದು. ಅಂಗಡಿ ‘ದ್ಯಾನ್’ ಹೌದು, ‘ಶಾಂಗ್‌ದ್ಯಾನ್’ ಕೂಡ ಹೌದು. ಕಲ್ಲಿದ್ದಲಂಗಡಿಗೆ ‘ಮೇದ್ಯಾನ್’ ಎನ್ನಬಹುದು, ‘ಮೇತಾನ್ ದ್ಯಾನ್’ ಎನ್ನಬಹುದು, ‘ಮೇತಾನ್ ಶಾಂಗ್‌ದ್ಯಾನ್’ ಎನ್ನಬಹುದು. ‘ಮೇ ಶಾಂಗ್‌ದ್ಯಾನ್’ ಎಂದರೆ ಮಾತ್ರ ಕೇಳುಗರ ಹುಬ್ಬು ಗಂಟಿಕ್ಕುತ್ತದೆ. ವಿಶೇಷಣ-ವಿಶೇಷ್ಯದಲ್ಲಿ ಎರಡು ಮತ್ತು ಒಂದರ ಜೋಡಣೆ ಒಪ್ಪುತ್ತದೆ, ಒಂದು ಮತ್ತು ಎರಡರದು ಒಗ್ಗುವುದಿಲ್ಲ. ಕ್ರಿಯಾಪದ-ಕರ್ಮಕ್ಕೆ ಬಂದರೆ ನಿಯಮ ತಲೆಕೆಳಗು: ಅಲ್ಲಿ ಒಂದು ಮತ್ತು ಎರಡೇ ಚೆಂದ. ಅರ್ಥದಲ್ಲಿ ಯಾವ ದೋಷವೂ ಇಲ್ಲದ ಪದವನ್ನು ಮಾತಿನ ನಡಿಗೆಯೊಂದೇ ಕಾರಣಕ್ಕೆ ಒಂದು ಜನಸಮುದಾಯ ತಳ್ಳಿಹಾಕುತ್ತದೆ. ಅವರ ಪ್ರಾಚೀನ ಕವಿತೆಗಳ ಐದಕ್ಷರದ ಸಾಲು ಎರಡು-ಮೂರಾಗಿ, ಏಳಕ್ಷರದ ಸಾಲು ನಾಲ್ಕು-ಮೂರಾಗಿ ಒಡೆಯುವುದರ ಹಿಂದೆ ಇರುವುದೂ ಇದೇ ನಡಿಗೆ. ಅಂಥ ಸಾಲನ್ನು ಇಂದಿನವರು ಮ್ಯಾಂಡರಿನ್ನಿನಲ್ಲಿ ಓದುವಾಗ ಮೂರನೇ ಟೋನುಗಳು ವಾಕ್ಯದ ಅನ್ವಯಕ್ಕಿಂತ ಹೆಚ್ಚಾಗಿ ಛಂದಸ್ಸಿನ ಗಣಕ್ಕೆ ವಿಧೇಯವಾಗುತ್ತವೆ.

ಈ ಏರಿಳಿತಗಳಿಗೆ ನೆನಪೂ ಇದೆ. ನಿಂಗ್‌ಶಿಯಾದ ರಾಜಧಾನಿ ಯಿಂಚುವಾನ್‌ನಲ್ಲಿ ಹಿಂದೆ ಬೇರೆ ಬೇರೆಯಾಗಿದ್ದ ಎರಡು ಟೋನುಗಳು ಇಂದು ಒಂಟಿ ಪದಗಳಲ್ಲಿ ಬೆರೆತುಹೋಗಿ 53 ಎಂಬ ಒಂದೇ ದನಿಯಾಗಿವೆ. ಕೇಳಿದರೆ ಭೇದವೇ ತಿಳಿಯದು. ಆದರೆ ಮುಂದೆ ಒಂದು ನಿರ್ದಿಷ್ಟ ಟೋನಿನ ಅಕ್ಷರ ಬಂದಾಗ ಅವುಗಳಲ್ಲಿ ಒಂದು 35ಕ್ಕೆ ಏರುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಒಂಟಿಯಾಗಿದ್ದಾಗ ಮರೆತ ವಂಶವನ್ನು ಅಕ್ಷರ ಜೊತೆಯಲ್ಲಿ ನೆನಪಿಸಿಕೊಳ್ಳುತ್ತದೆ. ಮ್ಯಾಂಡರಿನ್ನಿನ ಮೂರನೇ ಟೋನಿನ ಸಂಧಿ 16ನೇ ಶತಮಾನದಲ್ಲಾಗಲೇ ಇತ್ತೆಂದು ಭಾಷಾವಿಜ್ಞಾನಿ ಮೇಯ್ ತ್ಸುಲಿನ್ 1977ರಲ್ಲಿ ವಾದಿಸಿದರು. ಅವರಿಗೆ ಆಧಾರವಾದದ್ದು ಚೀನಾದ ಗ್ರಂಥಗಳಲ್ಲ, ಕೊರಿಯಾದ ದುಭಾಷಿ ಛ್ವೆ ಸೇಜಿನ್ ತನ್ನ ನಾಡಿನವರಿಗೆ ಚೀನೀ ಕಲಿಸಲು ಹಂಗುಲ್ ಲಿಪಿಯಲ್ಲಿ ಉಚ್ಚಾರ ಬರೆದಿಟ್ಟ ಪಠ್ಯಗಳು. ಹೊರಗಿನಿಂದ ಬಂದು ಕಲಿತವನ ಕಿವಿ ಒಳಗಿನವರು ಬರೆಯದೆ ಬಿಟ್ಟದ್ದನ್ನು ಉಳಿಸಿತು.

ಚೀನಿಯರು ತಮ್ಮ ಟೋನುಗಳನ್ನು ಗುರುತಿಸಿ ನಾಲ್ಕು ಎಂದು ಎಣಿಸಿದ್ದು ಕೂಡ 5ನೇ ಶತಮಾನದ ಕೊನೆಯಲ್ಲಿ, ಶೆನ್ ಯುವೆ ಮತ್ತು ಆತನ ಗೆಳೆಯ ಕವಿಗಳ ಕಾಲದಲ್ಲಿ. ಅದು ಬೌದ್ಧ ಭಿಕ್ಷುಗಳು ಸಂಸ್ಕೃತದ ಗ್ರಂಥಗಳನ್ನು ಚೀನಾದಲ್ಲಿ ಪಠಿಸಿ ಅನುವಾದಿಸುತ್ತಿದ್ದ ಯುಗ. ಉದಾತ್ತ, ಅನುದಾತ್ತ, ಸ್ವರಿತಗಳ ತಿಳಿವಳಿಕೆಯೇ ಚೀನಿಯರ ಕಿವಿಯನ್ನು ಸ್ವಂತ ಭಾಷೆಯ ಏರಿಳಿತದತ್ತ ತಿರುಗಿಸಿತು ಎಂದು ಇತಿಹಾಸಕಾರ ಚೆನ್ ಯಿಂಕೆ 1934ರಲ್ಲಿ ಬರೆದರು. ವೇದಪಾಠದ ಸ್ವರಗಳನ್ನು ಬೌದ್ಧರು ಬಳಸುತ್ತಿದ್ದರೇ ಎಂಬ ಪ್ರಶ್ನೆ ಎತ್ತಿ ಇದನ್ನು ಒಪ್ಪದವರಿದ್ದಾರೆ. ಸಂಸ್ಕೃತ ಛಂದಸ್ಸಿನ ಪರಿಚಯ ಚೀನೀ ಕಾವ್ಯಲಕ್ಷಣದ ಮೇಲೆ ಗುರುತು ಬಿಟ್ಟಿದೆ ಎಂಬ ವಾದಕ್ಕೆ ಮಾತ್ರ ಬಲವಾದ ಬೆಂಬಲವಿದೆ.

ಇಷ್ಟೆಲ್ಲ ಸೊಗಸು ಬಳಕೆಯ ಬರಹಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಚೀನೀ ಅಕ್ಷರಗಳು ಟೋನನ್ನೇ ತೋರಿಸುವುದಿಲ್ಲ. ಮ್ಯಾಂಡರಿನ್ನಿನ ಅಧಿಕೃತ ರೋಮನ್ ಬರಹವಾದ ಪಿನ್‌ಯಿನ್ ಮೂಲದ ಟೋನನ್ನು ಗುರುತಿಸುತ್ತದೆ, ಬದಲಾದದ್ದನ್ನು ಓದುಗನಿಗೆ ಬಿಡುತ್ತದೆ. 19ನೇ ಶತಮಾನದಲ್ಲಿ ಮಿಷನರಿಗಳು ಹೊಕ್ಕಿಯನ್ನಿಗೆ ರೂಪಿಸಿದ ರೋಮನ್ ಬರಹದಲ್ಲೂ ಹಾಗೆಯೇ, ಮೂಲದ ಟೋನಷ್ಟೇ ಅಕ್ಷರದ ನೆತ್ತಿಯ ಮೇಲಿರುತ್ತದೆ. ಉಳಿದದ್ದನ್ನೆಲ್ಲ ಬಾಯಿಂದ ಬಾಯಿಗೆ ತಾಯಂದಿರು ದಾಟಿಸಿಕೊಂಡು ಬಂದಿದ್ದಾರೆ. ಶಾಂಘೈಯಲ್ಲೂ ತೈವಾನಿನಲ್ಲೂ ಹೊಸ ತಲೆಮಾರಿನ ಬಹುಮಂದಿ ಮನೆಯಲ್ಲೇ ಮ್ಯಾಂಡರಿನ್ ಆಡುತ್ತಿರುವಾಗ ಈ ದಾಟಿಸುವಿಕೆ ತೆಳುವಾಗುತ್ತಿದೆ. ಪದಗಳನ್ನು ನಿಘಂಟಿನಿಂದ ಮತ್ತೆ ಕಲಿಯಬಹುದು. ಎಲ್ಲಿ ದನಿ ನಿಲ್ಲಬೇಕು, ಎಲ್ಲಿ ಕರಗಬೇಕು ಎಂಬುದನ್ನು ನಿಘಂಟು ಕಲಿಸಲಾರದು.

ಆದ್ದರಿಂದ ಚೀನೀ ಕಲಿಯಲು ಹೊರಟ ಕನ್ನಡಿಗರಿಗೆ ನನ್ನ ಕೋರಿಕೆ ಒಂದೇ. ಒಂಟಿ ಅಕ್ಷರಗಳ ಟೋನುಗಳನ್ನು ಉರುಹೊಡೆಯುವುದಕ್ಕೆ ಮೊದಲ ವಾರವನ್ನಷ್ಟೇ ಕೊಡಿ. ಆಮೇಲೆ ಎರಡಕ್ಷರ, ಮೂರಕ್ಷರದ ಮಾತುಗಳನ್ನು ಇಡಿಯಾಗಿ ಕೇಳಿ, ಇಡಿಯಾಗಿ ಹೇಳಿ. ಕಲಿಯುವ ಉದ್ದೇಶವಿಲ್ಲದವರೂ ಶಾಂಘೈ ನಾಟಕವನ್ನೋ ತೈವಾನಿನ ಗೊಂಬೆಯಾಟವನ್ನೋ ಕೇಳುವ ಅವಕಾಶ ಸಿಕ್ಕಿದಾಗ ಅರ್ಥವಾಗದೆಂದು ಕಿವಿ ಮುಚ್ಚಬೇಡಿ. ದನಿ ಎಲ್ಲಿ ಒಂದಾಗಿ ಹರಿಯುತ್ತದೆ, ಎಲ್ಲಿ ತಡೆದು ಹೊಸದಾಗಿ ಶುರುವಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಒಂದು ಪದದ ಅರ್ಥವೂ ತಿಳಿಯದಿದ್ದರೂ ಆ ಭಾಷೆಯ ವ್ಯಾಕರಣವನ್ನು ನೀವು ಆಗಲೇ ಕೇಳತೊಡಗಿರುತ್ತೀರಿ.